ಕೆನ್ನೆಗೆ ಗಾಳಿ

ಹಾಲಿನವನು ಎರಡೇ ಪ್ಯಾಕೆಟ್ ಹಾಕಿ ಹೋಗಿದ್ದ. ಹನ್ನೊಂದು ದಿನವೂ ಆರು ಹಾಕುತ್ತಿದ್ದವನಿಗೆ ನಿನ್ನೆಗೆ ತಿಥಿ ಮುಗಿಯಿತೆಂದು ಯಾರು ಹೇಳಿದರೋ, ತೇಜಸ್ವಿನಿಯಂತೂ ಹೇಳಿರಲಿಲ್ಲ. ಬಾಗಿಲಲ್ಲಿ ನಿಂತು ಎರಡೂ ಕೈಗೆ ಒಂದೊಂದು ತಣ್ಣನೆಯ ಪ್ಯಾಕೆಟ್ ಹಿಡಿದುಕೊಂಡು, ಇವತ್ತಿನಿಂದ ಮಾಮೂಲಿ ದಿನ ಎಂದುಕೊಂಡಳು. ತಲಘಟ್ಟಪುರದ ನೆಂಟರೆಲ್ಲ ನಿನ್ನೆ ಸಂಜೆಯೇ ಹೊರಟುಹೋಗಿದ್ದರು. ಶಾಮಿಯಾನದ ಕಂಬ ನೆಟ್ಟಿದ್ದ ಕಡೆ ರಸ್ತೆಯಂಚಿನಲ್ಲಿ ನಾಲ್ಕು ಗುಳಿ ಉಳಿದಿದ್ದವು. ಎದುರು ಮನೆಯಾಕೆ ರಂಗೋಲಿ ಹಾಕಲು ಬಗ್ಗಿದವಳು ಇವಳನ್ನು ಕಂಡು ನೆಟ್ಟಗಾಗಿ, ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದುಕೊಂಡಳು. ಯಾರಿಗೆ ನೋವಾಗದಿರಲೆಂದು ಹಾಗೆ ಮಾಡಿದಳು, ತನಗೋ ಅವಳಿಗೋ ಎಂದು ಯೋಚಿಸುತ್ತ ತೇಜಸ್ವಿನಿ ನಕ್ಕಳು. ನಗಬಾರದಿತ್ತು. ಆಕೆ ಗಾಬರಿಯಾಗಿ ಒಳಗೆ ಹೋದಳು. ಕೋಣನಕುಂಟೆಯ ಈ ರಸ್ತೆಗೆ ಮದುವೆಯಾಗಿ ಬಂದ ಐದು ವರ್ಷದಲ್ಲಿ ಅವಳು ಯಾರ ಬಾಯಿಗೂ ಸಿಕ್ಕಿದವಳಲ್ಲ. ಈ ಹನ್ನೊಂದು ದಿನದಲ್ಲಿ ಎಲ್ಲರ ಬಾಯಲ್ಲೂ ಇದ್ದಳು, ಅದೂ ಹೊಗಳಿಕೆಯಲ್ಲಿ. ಹೆಂಡತಿ ಅಂದರೆ ಹೀಗಿರಬೇಕು. ಐದು ದಿವಸ ಐಸಿಯುನಲ್ಲಿಟ್ಟು ನೋಡಿಕೊಂಡಳು. ಒಡವೆ ಹೋಗಲಿ ಅಂದಳು, ಗಂಡನ್ನ ಬಿಡಲಿಲ್ಲ. ಅತ್ತೆ ಈಶ್ವರಮ್ಮ ಬಂದವರಿಗೆಲ್ಲ ಇದನ್ನು ಹೇಳುವಾಗ ಅವಳು ಒಳಗೆ ಅನ್ನ ಬಸಿಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಕೇಳುತ್ತ ಕೇಳುತ್ತ ಅದು ಯಾರದೋ ಮನೆಯ ಸೊಸೆಯ ವಿಷಯದಂತೆ ಇಂಪಾಗಿಯೂ ಕೇಳತೊಡಗಿತ್ತು.

ಹಾಲು ಕಾಯುವ ಹೊತ್ತಿಗೆ ಫೋನ್ ಬಂತು. ಅರ್ಪಿತ. ಹನ್ನೊಂದು ಗಂಟೆಗೆ ಬರಲೇ, ಸುಮ್ಮನೆ, ನಿಮ್ಮತ್ತೆಯನ್ನು ನೋಡಿಕೊಂಡು ಹೋಗುವುದಕ್ಕೆ, ಎಂದು ಕೇಳಿದಳು. ಸುಮ್ಮನೆ ಅಲ್ಲವೆಂದು ತೇಜಸ್ವಿನಿಗೆ ಗೊತ್ತು. ಅದಕ್ಕೆ ಹೆಸರಿದೆ, ವಿಧಾನವಿದೆ; ಮರಣದ ನಂತರ ಎರಡು ವಾರದೊಳಗೆ ಮೊದಲ ಭೇಟಿ; ಸಮಾಜಕಾರ್ಯಕರ್ತೆ ಮನೆಯವರೊಂದಿಗೆ ಕೂರಬೇಕು, ಮಾತಾಡಿಸಬೇಕು, ಯಾರು ಊಟ ಬಿಟ್ಟಿದ್ದಾರೆ, ಯಾರು ನಿದ್ದೆ ಬಿಟ್ಟಿದ್ದಾರೆ, ಯಾರು ತನ್ನನ್ನೇ ದೂರಿಕೊಳ್ಳುತ್ತಿದ್ದಾರೆ ನೋಡಬೇಕು. ಎಂಎಸ್‌ಡಬ್ಲ್ಯೂ ಎರಡನೆಯ ವರ್ಷದಲ್ಲಿ ಹತ್ತು ಅಂಕದ ಪ್ರಶ್ನೆಯಾಗಿ ಬಂದಿತ್ತು. ತೇಜಸ್ವಿನಿ ಹತ್ತಕ್ಕೆ ಒಂಬತ್ತು ತೆಗೆದಿದ್ದಳು. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಅರ್ಪಿತ ಆ ಪೇಪರಿನಲ್ಲಿ ಪಾಸಾದದ್ದೇ ಹೆಚ್ಚು. ಒಮ್ಮೆ ಕೆಟ್ಟ ಸುದ್ದಿ ತಿಳಿಸುವ ಅಭ್ಯಾಸ ಮಾಡಿಸಿದ್ದರು, ಒಬ್ಬರು ರೋಗಿ, ಒಬ್ಬರು ಕಾರ್ಯಕರ್ತೆ. ರೋಗಿಯಾಗಿ ಕೂತ ತೇಜಸ್ವಿನಿಗೆ ನಿಮ್ಮ ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂದು ಹೇಳಬೇಕಿದ್ದ ಅರ್ಪಿತ ಅರ್ಧದಲ್ಲೇ ಅತ್ತುಬಿಟ್ಟಿದ್ದಳು. ಕ್ಲಾಸೆಲ್ಲ ನಕ್ಕಿತ್ತು. ಅಭಿಪ್ರಾಯ ಬರೆಯುವ ಹಾಳೆಯಲ್ಲಿ ತೇಜಸ್ವಿನಿ, ಈಕೆ ಈ ವೃತ್ತಿಗೆ ತಕ್ಕವಳಲ್ಲ ಎಂದು ದುಂಡಗೆ ಬರೆದು, ಹೆಸರನ್ನೂ ಹಾಕಿದ್ದಳು. ಆಮೇಲೆ ತಾನು ಕನಕಪುರ ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ವೆಲ್ಫೇರ್ ಆಫೀಸರ್ ಆಗಿ ಸೇರಿ, ಹುಡುಗಿಯರ ರಜಾ ಅರ್ಜಿಯ ಮೇಲೆ ಕೆಂಪು ಇಂಕಿನಲ್ಲಿ ಬರೆಯುವುದನ್ನು ಕಲಿತಳು. ಅರ್ಪಿತ ಜೆ.ಪಿ. ನಗರದ ಕೇಂದ್ರವೊಂದಕ್ಕೆ ಸೇರಿದ್ದಳೆಂದು, ವಾಸಿಯಾಗದವರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುವ ಕೆಲಸವೆಂದು, ಯಾರೋ ಹೇಳಿದ್ದರು. ಅಳುವುದಕ್ಕೆ ಒಳ್ಳೇ ಜಾಗ ಸಿಕ್ಕಿತು ಬಿಡು ಎಂದಿದ್ದಳು ಇವಳು. ಮೇ ತಿಂಗಳ ಒಂದು ಮಂಗಳವಾರ, ಗಂಡ ಸಿದ್ದರಾಜುವಿನ ಶ್ವಾಸಕೋಶದಲ್ಲಿ ಇನ್ನು ಮಾಡುವಂಥದ್ದೇನೂ ಉಳಿದಿಲ್ಲವೆಂದು ಡಾಕ್ಟರು ಚೀಟಿ ಕೊಟ್ಟು ಕಳಿಸಿದ ವಾರ, ಮನೆಯ ಮುಂದೆ ನಿಂತ ವ್ಯಾನಿನಿಂದ ನರ್ಸಿನ ಹಿಂದೆ ಇಳಿದವಳು ಅರ್ಪಿತ. ಇವಳಾ, ಎನ್ನಿಸಿತ್ತು. ಗಂಡ ಸಾಯುತ್ತಾನೆ ಎನ್ನುವುದಕ್ಕಿಂತ ಮೊದಲು ಎನ್ನಿಸಿದ್ದು ಅದು.

ಹಾಲು ಉಕ್ಕಿ ಒಲೆ ಆರಿತು. ಈಶ್ವರಮ್ಮ ನಡುಮನೆಯಲ್ಲಿ ಗೋಡೆಗೊರಗಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಅವರ ತಲೆಯ ಮೇಲೆ ಬುದ್ಧನ ಪಟ, ಬಾಬಾ ಸಾಹೇಬರ ಪಟ, ಪಕ್ಕದಲ್ಲಿ ಮೊನ್ನೆ ಕಟ್ಟು ಹಾಕಿಸಿ ತಂದ ಸಿದ್ದರಾಜು. ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನ ಗುರುತಿನ ಚೀಟಿಯ ಫೋಟೋವನ್ನು ದೊಡ್ಡದು ಮಾಡಿಸಿದ್ದರಿಂದ ಮುಖ ಸ್ವಲ್ಪ ಕದಡಿತ್ತು. ಫೋನ್ ಯಾರದೆಂದು ಈಶ್ವರಮ್ಮ ಕೇಳಿದರು. ಹೇಳಿದಳು. ಆ ಹುಡುಗಿ ಇನ್ನೇನಕ್ಕೆ ಬರುತ್ತಾಳೆ, ಈಗ ಇಲ್ಲಿ ಯಾರಿಗೆ ಕಾಯಿಲೆ, ಎಂದು ಅವರು ಸಹಜವಾಗಿಯೇ ಕೇಳಿದ್ದು. ತೇಜಸ್ವಿನಿಗೆ ಮಾತ್ರ ಬೆವರಿತು. ಹನ್ನೊಂದು ಗಂಟೆಗೆ ಅರ್ಪಿತ ಬರುತ್ತಾಳೆ, ಈ ಚಾಪೆಯ ಮೇಲೆ ಕೂರುತ್ತಾಳೆ, ಒಂದು ಮಾತಿಗೆ ಇನ್ನೊಂದು ಮಾತು ಬರುತ್ತದೆ, ಸಿದ್ದರಾಜು ಸಹಿ ಹಾಕಿದ್ದ ಹಾಳೆಯ ಮಾತು ಬರುತ್ತದೆ. ಹಾಳೆಯ ವಿಷಯ ಗೊತ್ತಿದ್ದವರು ಮೂವರು, ಈಗ ಇಬ್ಬರು.

ಆ ಹಾಳೆ ಬರೆದ ದಿನವೂ ಮಂಗಳವಾರ. ಅರ್ಪಿತ ಬಾಗಿಲು ಮುಂದೆ ಮಾಡಿಕೊಂಡು ಅವನ ಜೊತೆ ಒಂದೂವರೆ ಗಂಟೆ ಕೂತಿದ್ದಳು. ತೇಜಸ್ವಿನಿ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡದೆ ನಿಂತಿದ್ದಳು. ಒಳಗಿನಿಂದ ಒಮ್ಮೆ ಸಿದ್ದರಾಜು ನಕ್ಕದ್ದು ಕೇಳಿಸಿತು, ನಕ್ಕು ಕೆಮ್ಮಿದ್ದು. ತನ್ನ ಜೊತೆ ಅವನು ಹಾಗೆ ಮನಸ್ಸು ಬಿಟ್ಟು ನಕ್ಕು ಮೂರು ತಿಂಗಳಾಗಿತ್ತು. ಅವಳು ಒಳಗೆ ಹೋದಾಗಲೆಲ್ಲ ಹೊಸ ಮಾತ್ರೆ ಬಂದಿದೆಯಂತೆ, ಮುಂದಿನ ಸ್ಕ್ಯಾನಿನಲ್ಲಿ ಕಡಿಮೆ ಕಾಣುತ್ತದಂತೆ ಎನ್ನುತ್ತಿದ್ದಳು, ಅವನು ಹೂಂ ಎನ್ನುತ್ತಿದ್ದ. ಬಾಗಿಲು ತೆರೆದಾಗ ಮಂಚದ ಮೇಲೆ ಒಂದು ಹಾಳೆಯಿತ್ತು. ನನ್ನನ್ನು ಮತ್ತೆ ಆಸ್ಪತ್ರೆಗೆ ಸೇರಿಸಬೇಡಿ. ಗಂಟಲಿಗೆ ಕೊಳವೆ ಹಾಕಬೇಡಿ. ನಾನು ಮನೆಯಲ್ಲಿ, ನನ್ನ ತಾಯಿ ಮತ್ತು ಹೆಂಡತಿಯ ಹತ್ತಿರ ಇರಬೇಕು. ಕೆಳಗೆ ಅವನ ಸಹಿ, ಡಾಕ್ಟರದ್ದಕ್ಕೆ ಜಾಗ, ಮನೆಯವರದ್ದಕ್ಕೆ ಜಾಗ. ಇದು ಅವಳು ಬರೆಸಿದ್ದು ಎಂದಳು ತೇಜಸ್ವಿನಿ, ಅರ್ಪಿತ ಹೋದಮೇಲೆ.

"ಬರೆಸಿದ್ದಲ್ಲ ತೇಜು. ನಾನು ಹೇಳ್ದೆ, ಅವ್ರು ಬರ್ಕೊಂಡ್ರು. ನೀನೊಂದು ಸೈನ್ ಹಾಕ್ಬಿಡು," ಎಂದ ಸಿದ್ದರಾಜು.

ಆಮೇಲೆ ಹಾಕುತ್ತೇನೆ ಎಂದು ಸ್ಕ್ಯಾನಿನ ದೊಡ್ಡ ಕವರಿನೊಳಗೆ ಇಟ್ಟಳು. ರೋಗಿಯ ಇಚ್ಛೆಯೇ ಮೊದಲು ಎಂಬ ತತ್ತ್ವವನ್ನು ಅವಳು ಈಗಲೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೆ ಮೂರು ಉದಾಹರಣೆ ಸಹಿತ ಹೇಳಬಲ್ಲಳು. ಅದಾದ ಎರಡನೆಯ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಅವನಿಗೆ ಉಸಿರು ಸಿಗದಾಯಿತು. ಅತ್ತೆ ಮನೆಯಲ್ಲಿರಲಿಲ್ಲ. ಹೀಗಾದರೆ ಏನು ಮಾಡಬೇಕೆಂದು ಫ್ರಿಜ್ಜಿನ ಮೇಲೆ ಅರ್ಪಿತ ಅಂಟಿಸಿಹೋಗಿದ್ದಳು, ಬಿಡಿ ಬಿಡಿ ಅಕ್ಷರದಲ್ಲಿ: ನೆಟ್ಟಗೆ ಕೂರಿಸಿ, ಕಿಟಕಿ ತೆಗೆಯಿರಿ, ಮಾರ್ಫಿನ್ ಅರ್ಧ ಮಾತ್ರೆ, ನನಗೆ ಫೋನ್ ಮಾಡಿ, ನಾನು ಬರುತ್ತೇನೆ. ತೇಜಸ್ವಿನಿ ಅದರ ಮುಂದೆಯೇ ನಿಂತು ಆಂಬುಲೆನ್ಸಿಗೆ ಫೋನ್ ಮಾಡಿದಳು. ಹೆದರಿಕೆಗೆ ಹಾಗೆ ಮಾಡಿದೆ ಎಂದು ಈ ಹನ್ನೊಂದು ದಿನದಲ್ಲಿ ಎಷ್ಟೋ ಸಲ ತನಗೇ ಹೇಳಿಕೊಂಡಿದ್ದಳು. ಹೆದರಿಕೆ ಇದ್ದದ್ದು ನಿಜ. ಆದರೆ ನಂಬರ್ ಒತ್ತುವ ಆ ಗಳಿಗೆಯಲ್ಲಿ ತಲೆಯೊಳಗೆ ಸ್ಪಷ್ಟವಾಗಿ, ಪೂರ್ತಿ ವಾಕ್ಯವಾಗಿ ಬಂದದ್ದು ಬೇರೆ. ಅರ್ಪಿತ ಹೇಳಿದ ಹಾಗೆ ನನ್ನ ಗಂಡ ಸಾಯಬೇಕಾಗಿಲ್ಲ. ಸ್ಟ್ರೆಚರಿಗೆ ಎತ್ತುವಾಗ ಅವನು ಬೇಡ ಎಂದ. ಒಂದೇ ಸಲ. ಎರಡನೆಯ ಸಲ ಹೇಳಲು ಉಸಿರಿರಲಿಲ್ಲ.

"ಆ ಅರ್ಪಿತಾನೇ, ಅತ್ತೆ," ಎಂದಳು ತೇಜಸ್ವಿನಿ, ಒಲೆಯ ಮೇಲೆ ಉಕ್ಕಿದ ಹಾಲನ್ನು ಒರೆಸುತ್ತ. "ಆಸ್ಪತ್ರೆಗೆ ಸೇರಿಸ್ಬೇಡಿ ಅಂತ ಇವರ ಕೈಲಿ ಬರೆಸ್ಕೊಂಡಿದ್ದು ಅವಳೇ."

ಹೇಳಿದ್ದರಲ್ಲಿ ಒಂದಕ್ಷರವೂ ಪೂರ್ತಿ ಸುಳ್ಳಿರಲಿಲ್ಲ. ಈಶ್ವರಮ್ಮನ ಕೈಯಲ್ಲಿ ದಂಟು ಹಾಗೆಯೇ ನಿಂತಿತು. ಏನು ಬರೆಸಿಕೊಂಡಳು, ಯಾವಾಗ, ನೀನು ಯಾಕೆ ಹೇಳಲಿಲ್ಲ ಎಂದು ಕೇಳಿದರು. ನೀವು ನೊಂದುಕೊಳ್ಳುತ್ತೀರ ಎಂದು ಹೇಳಲಿಲ್ಲ ಅತ್ತೆ ಎಂದಳು. ಎಷ್ಟು ಸಲೀಸಾಗಿ ಬಂತು ಎಂದು ಅವಳಿಗೇ ಆಶ್ಚರ್ಯವಾಯಿತು. ಫ್ಯಾಕ್ಟರಿಯಲ್ಲಿ ಲೈನ್ ಸೂಪರ್‌ವೈಸರ್‌ನ ಮೇಲೆ ದೂರು ಬಂದಾಗ ದೂರು ತಂದ ಹುಡುಗಿಯನ್ನೇ ಕೆಲಸದಿಂದ ತೆಗೆಸುವಷ್ಟು ಸಲೀಸು.

ಹನ್ನೊಂದಕ್ಕೆ ಸರಿಯಾಗಿ ಸ್ಕೂಟರ್ ನಿಂತಿತು. ಅರ್ಪಿತ ದಪ್ಪಗಾಗಿದ್ದಳು, ಹೆಲ್ಮೆಟ್ ತೆಗೆದರೆ ಹಣೆಯ ಮೇಲೆ ಅದರ ಗೆರೆ. ಚೇರ್ ಎಳೆದರೂ ಬೇಡವೆಂದು ಈಶ್ವರಮ್ಮನ ಪಕ್ಕದಲ್ಲೇ ಚಾಪೆಯ ಮೇಲೆ ಕೂತು, ಏನೂ ಕೇಳದೆ ಒಂದು ಹಿಡಿ ಸೊಪ್ಪು ಎಳೆದುಕೊಂಡು ಬಿಡಿಸತೊಡಗಿದಳು. ಇದೂ ಒಂದು ವಿಧಾನವೇ ಎಂದುಕೊಂಡಳು ತೇಜಸ್ವಿನಿ. ಟೀ ತಂದು ಇಟ್ಟಳು. ಮೂರನೆಯ ಮನೆಯವರು ಬೋರ್‌ವೆಲ್ ಕೊರೆಸುತ್ತಿದ್ದ ಸದ್ದು ನೆಲದೊಳಗಿನಿಂದ ಬಂದು ಲೋಟದ ಟೀಯಲ್ಲಿ ಸಣ್ಣ ಸಣ್ಣ ಉಂಗುರ ಎಬ್ಬಿಸುತ್ತಿತ್ತು. ಅರ್ಪಿತ, ರಾತ್ರಿ ನಿದ್ದೆ ಬರುತ್ತಾ ಅಮ್ಮ ಎಂದು ಮೆಲ್ಲಗೆ ಕೇಳಿದಳು.

"ನಿದ್ದೆ ಇರ್ಲಿ ತಾಯಿ," ಎಂದರು ಈಶ್ವರಮ್ಮ. ದನಿ ಏರಲಿಲ್ಲ. "ನನ್ ಮಗ ಸಾಯ್ಲಿ ಅಂತ ಬರೆಸ್ಕೊಂಡ್ಯಂತಲ್ಲ, ಆ ಕಾಗ್ದ ಎಲ್ಲಿಟ್ಟಿದೀಯ?"

ಅರ್ಪಿತ ತಲೆಯೆತ್ತಿ ಮೊದಲು ನೋಡಿದ್ದು ತೇಜಸ್ವಿನಿಯನ್ನು. ತೇಜಸ್ವಿನಿ ಕಣ್ಣು ತಪ್ಪಿಸಲಿಲ್ಲ; ತಪ್ಪಿಸಿದರೆ ಸೋತಂತೆ ಎಂದು ಏಕೋ ಅನ್ನಿಸಿತು. ಈಗ ಹೇಳುತ್ತಾಳೆ. ಕಾಗದ ನಿಮ್ಮ ಮನೆಯಲ್ಲೇ ಇದೆ ಅಮ್ಮ, ನಿಮ್ಮ ಮಗ ಬೇಡಿದ್ದು ನಿಮ್ಮ ಮಡಿಲಿನ ಹತ್ತಿರದ ಸಾವು, ನಿಮ್ಮ ಸೊಸೆ ಕೊಡಿಸಿದ್ದು ಐಸಿಯು ಮಂಚಕ್ಕೆ ಕೈ ಕಟ್ಟಿದ ಸಾವು, ಎಂದು ಈಗ ಹೇಳುತ್ತಾಳೆ. ಹೇಳಲಿ ಎಂದು ಒಂದು ಕ್ಷಣ ಬಾಯಾರಿಕೆಯಂತೆ ಅನ್ನಿಸಿತು ಕೂಡ. ಅರ್ಪಿತ ಸೊಪ್ಪಿನ ಕಡೆಗೆ ತಿರುಗಿ, ತಪ್ಪು ತಿಳಿದುಕೊಳ್ಳಬೇಡಿ ಅಮ್ಮ ಎಂದಳು, ಅಷ್ಟೇ. ಈಶ್ವರಮ್ಮ ಬಿಡಲಿಲ್ಲ. ಸಂಬಳ ತೆಗೆದುಕೊಂಡು ಮನೆಮನೆಗೆ ಸಾವು ಹಂಚುತ್ತೀರಲ್ಲ, ನಿನಗೂ ಮಕ್ಕಳಿದ್ದಾವಲ್ಲ ಎಂದರು. ನಮ್ಮ ತೇಜು ಇಲ್ಲದಿದ್ದರೆ ಅವತ್ತೇ ಹೋಗುತ್ತಿದ್ದ, ಅವಳು ಇನ್ನೂ ಐದು ದಿವಸ ಉಳಿಸಿದಳು, ಆ ಐದು ದಿವಸ ನನಗೆ ಮಗ ಇದ್ದ ಎಂದರು. ಮಗನನ್ನು ಆ ಐದು ದಿನದಲ್ಲಿ ಅವರು ನೋಡಿದ್ದು ಗಾಜಿನಾಚೆಯಿಂದ, ಒಮ್ಮೆ. ಅರ್ಪಿತ ಎಲ್ಲಕ್ಕೂ ತಲೆಯಾಡಿಸುತ್ತ, ಹಿಡಿದಿದ್ದ ಸೊಪ್ಪನ್ನು ಪೂರ್ತಿ ಬಿಡಿಸಿ ಮೊರಕ್ಕೆ ಹಾಕಿ ಎದ್ದಳು. ಟೀ ಕುಡಿಯಲಿಲ್ಲ. ಬರಲಾ ಅಮ್ಮ ಎಂದದ್ದಕ್ಕೆ ಈಶ್ವರಮ್ಮ ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡರು.

ಗೇಟಿನವರೆಗೆ ತೇಜಸ್ವಿನಿ ಜೊತೆಗೆ ಹೋದಳು. ಹೋಗದಿದ್ದರೆ ಅತ್ತೆಗೆ ಅನುಮಾನ ಬರಬಹುದೆಂದೋ, ಇನ್ನೂ ಏನೋ ಬೇಕಾಗಿತ್ತೆಂದೋ. ಅರ್ಪಿತ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಡಿಸಿಕೊಳ್ಳುತ್ತಿದ್ದಳು. ಅವಳ ಕಣ್ಣು ಒಣಗಿಯೇ ಇತ್ತು. ಅಳುವ ಅರ್ಪಿತ ಯಾವಾಗ ಎಲ್ಲಿ ಹೋದಳೋ.

"ನೀನ್ಯಾಕೆ ಹೇಳ್ಲಿಲ್ಲ?" ಎಂದಳು ತೇಜಸ್ವಿನಿ.

"ಅವ್ರಿಗೆ ಯಾರ ಮೇಲಾದ್ರೂ ಸಿಟ್ಟು ಮಾಡ್ಕೋಬೇಕು ಕಣೆ. ನನ್ ಮೇಲಾದ್ರೆ ವಾಸಿ, ನಾನು ಮನೆಗೆ ಹೋಗ್ತೀನಿ. ನೀನು ಇಲ್ಲೇ ಇರ್ಬೇಕಲ್ಲ."

"ಇದು ಯಾವ ಪೇಪರ್‌ನಲ್ಲಿ ಬರುತ್ತೆ?"

"ಯಾವ್ದರಲ್ಲೋ. ಅದ್ರಲ್ಲಿ ನಂಗೆ ನಲವತ್ತೆರಡು." ಅರ್ಪಿತ ನಗುವುದಕ್ಕೆ ನೋಡಿದಳು.

ತೇಜಸ್ವಿನಿ ಆಗ ಕೇಳಿಯೇಬಿಟ್ಟಳು: ಅವತ್ತು ಬಾಗಿಲು ಹಾಕಿಕೊಂಡಿದ್ದಾಗ ಅವನು ತನ್ನ ಬಗ್ಗೆ ಏನು ಹೇಳಿದ. ಅರ್ಪಿತ ಅದನ್ನು ಹೇಳುವ ಹಾಗಿಲ್ಲ, ನಿನಗೂ ಗೊತ್ತಲ್ಲ ಎಂದಳು. ಕಟುವಾಗಿಯಲ್ಲ, ಬ್ಯಾಂಕಿನ ಕೌಂಟರಿನಲ್ಲಿ ಹೇಳುವಂತೆ. ಸ್ಕೂಟರ್ ಸ್ಟಾರ್ಟ್ ಮಾಡಿದವಳು ಮತ್ತೆ ಆಫ್ ಮಾಡಿ, ಮರೆತಿದ್ದೆ, ಸಿದ್ದರಾಜು ಅವರ ಹತ್ತಿರ ನನ್ನದೊಂದು ಚಿಕ್ಕ ಫ್ಯಾನ್ ಇತ್ತು ಎಂದಳು. ಅವಳ ಮಗಳದು. ಅವನೇ ಕೇಳಿ ಇಟ್ಟುಕೊಂಡದ್ದು, ವಾಪಸ್ ಕೊಡುತ್ತೇನೆ ಎಂದಿದ್ದನಂತೆ. ಸಿಕ್ಕಿದರೆ ಹೇಳು, ವಸಂತಪುರದಲ್ಲಿ ಒಬ್ಬ ತಾತನಿಗೆ ಉಸಿರು ಸಿಗುತ್ತಿಲ್ಲ, ಮಧ್ಯಾಹ್ನ ಅಲ್ಲೇ ಇರುತ್ತೇನೆ ಎಂದಳು.

ಆ ಫ್ಯಾನನ್ನು ತೇಜಸ್ವಿನಿ ನೋಡಿದ್ದು ಒಂದೇ ಸಲ. ಅಂಗೈಯಗಲದ್ದು, ಗುಲಾಬಿ ಬಣ್ಣ, ಬೆಕ್ಕಿನ ಕಿವಿಯಿದ್ದದ್ದು, ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ರಾಶಿ ಹಾಕಿಕೊಂಡು ಮಾರುವಂಥದ್ದು. ಮುಖಕ್ಕೆ ತಣ್ಣನೆ ಗಾಳಿ ತಾಕಿದರೆ ಉಸಿರುಗಟ್ಟುವ ಸಂಕಟ ಕಡಿಮೆಯಾಗುತ್ತದೆ ಎಂದು ಅರ್ಪಿತ ವಿವರಿಸಿದಾಗ, ಕ್ಯಾನ್ಸರಿಗೆ ಆಟದ ಸಾಮಾನಾ ಎಂದು ತೇಜಸ್ವಿನಿ ನಕ್ಕಿದ್ದಳು. ಸಿದ್ದರಾಜುವೂ ನಕ್ಕಿದ್ದ. ಅದನ್ನು ಅವತ್ತೇ ಅರ್ಪಿತ ಒಯ್ದಳೆಂದೇ ತಿಳಿದಿದ್ದಳು. ಈಗ ಒಳಗೆ ಹೋಗಿ ಮಂಚದ ಕೆಳಗೆ, ಔಷಧದ ಡಬ್ಬಿಯಲ್ಲಿ, ಕಿಟಕಿಯ ಮೇಲೆ ಹುಡುಕಿದಳು. ಏನು ಹುಡುಕುತ್ತೀ ಎಂದರು ಈಶ್ವರಮ್ಮ. ಹೇಳಿದ್ದಕ್ಕೆ, ಅಲ್ಲೆಲ್ಲಿ ಸಿಗುತ್ತೆ, ಅವನು ಮಲಗುತ್ತಿದ್ದ ದಿಂಬಿನ ಕವರಿನಲ್ಲಿ ನೋಡು ಎಂದರು.

"ನೀನು ಫ್ಯಾಕ್ಟ್ರಿಗೆ ಹೋದ್ಮೇಲೆ ದಿವ್ಸೆಲ್ಲ ಅದನ್ನೇ ಹಿಡ್ಕೊಂಡು ಕೂತಿರೋನು. ನಿನ್ ಚಪ್ಲಿ ಸದ್ದು ಕೇಳ್ತು ಅಂದ್ರೆ ದಿಂಬೊಳಗೆ ತುರುಕ್ಬಿಡೋನು. ಯಾಕ್ಲಾ ಅಂದ್ರೆ, ಅವ್ಳು ನಗ್ತಾಳೆ ಕಣವ್ವ ಅನ್ನೋನು."

ಕವರಿನೊಳಗೆ ಹತ್ತಿಯ ನಡುವೆ ಕೈ ಹಾಕಿದಳು. ತೆಗೆದಾಗ ಅದರ ಒಂದು ಕಿವಿ ಮುರಿದಿತ್ತು. ಗುಂಡಿ ಹೆಬ್ಬೆರಳಿಗೆ ತಾನಾಗಿ ಸಿಕ್ಕಿತು, ಒತ್ತಿದ ಕೂಡಲೇ ತಿರುಗಿತು. ಇನ್ನೂ ಚಾರ್ಜ್ ಇತ್ತು. ಆ ಐದು ದಿನ ಸಂಜೆ ಐದರಿಂದ ಐದೂ ಹತ್ತರವರೆಗೆ ಅವಳನ್ನು ಐಸಿಯು ಒಳಗೆ ಬಿಡುತ್ತಿದ್ದರು. ಕೊಳವೆ ಕಿತ್ತುಕೊಳ್ಳದಿರಲೆಂದು ಅವನ ಎರಡು ಮಣಿಕಟ್ಟನ್ನೂ ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ಅವಳನ್ನು ಕಂಡಾಗ ಅವನು, ಈಗ ಇವಳು ಗುಂಡಿ ಒತ್ತಿದ ಹಾಗೆಯೇ, ಬಲಗೈಯ ಹೆಬ್ಬೆರಳನ್ನು ಮುಂದಿನ ಎರಡು ಬೆರಳಿಗೆ ಒತ್ತುತ್ತಿದ್ದ, ಬಿಡುತ್ತಿದ್ದ, ಮತ್ತೆ ಒತ್ತುತ್ತಿದ್ದ. ಪೆನ್ನು ಬೇಕಾ ಎಂದು ಕೇಳಿದ್ದಳು. ಅವನು ಕಣ್ಣಲ್ಲೇ ಇಲ್ಲವೆಂದ. ಪೆನ್ನಿನಿಂದ ಅವನು ಬರೆಯಬಹುದಾದದ್ದು ಮನೆಗೆ ಕರೆದುಕೊಂಡು ಹೋಗು ಎಂಬುದೊಂದೇ ಎಂದು ಅವಳಿಗೆ ಅನ್ನಿಸಿ, ಹಾಗಾದರೆ ಇನ್ನೇನು ಬೇಕೆಂದು ಮತ್ತೆ ಕೇಳಲಿಲ್ಲ. ಮುಂದಿನ ದಿನ ಅವನು ಬೆರಳು ಒತ್ತತೊಡಗಿದಾಗ ಆ ಕೈಯನ್ನು ತನ್ನ ಕೈಯೊಳಗೆ ಮುಚ್ಚಿ ಹಿಡಿದು ನಿಲ್ಲಿಸಿದ್ದಳು. ನೋಡುತ್ತಿದ್ದ ನರ್ಸು, ಎಷ್ಟು ಪ್ರೀತಿ ಮೇಡಂ ನಿಮಗೆ ಎಂದಿದ್ದಳು.

ಫ್ಯಾನ್ ಹಿಡಿದು ವಸಂತಪುರಕ್ಕೆ ಹೊರಟಾಗ ಈಶ್ವರಮ್ಮ ಬಾಗಿಲಿಗೆ ಬಂದರು. ಸತ್ತವನು ಉಸಿರಿಗೆ ಹಿಡಿದುಕೊಂಡಿದ್ದ ಸಾಮಾನನ್ನು ಇನ್ನೊಂದು ಕಾಯಿಲೆಯ ಮನೆಗೆ ಕೊಡಬಾರದು, ಯಾರಾದರೂ ಕೊಡುತ್ತಾರಾ, ಅವರಿಗೇನಾದರೂ ಆದರೆ ನಮ್ಮ ಮೇಲೆ ಬರುತ್ತೆ, ಮೋರಿಗೆ ಬಿಸಾಡು ಎಂದರು. ಅರ್ಪಿತಳ ಮಗಳದು ಅತ್ತೆ ಎಂದಳು. ಹಾಗಾದರೆ ಕೊಡು, ಅವಳ ಮನೆಗೇ ಹೋಗಲಿ ಎಂದರು ಈಶ್ವರಮ್ಮ, ಯೋಚಿಸಿ.

ಆಟೋದಲ್ಲಿ ಕೂತು ಅವಳು ಮಾತು ಜೋಡಿಸಿಕೊಂಡಳು. ಅರ್ಪಿತಳನ್ನು ಹೊರಗೆ ಕರೆದು ಹೇಳಬೇಕು, ಹೆದರಿಕೆಗೆ ಅಲ್ಲ, ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಮಾಡಿದೆ ಎಂದು. ಹೇಳಿದರೆ ಅರ್ಪಿತ ಬೈಯಬೇಕು. ಒಬ್ಬರಾದರೂ ಬೈದರೆ ಸಾಕು, ಅಳು ಬಂದರೂ ಬರಬಹುದು. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ವಸಂತಪುರದ ಗುಡಿಯ ಹಿಂದಿನ ಓಣಿಯಲ್ಲಿ ಇಳಿದು, ಅರ್ಪಿತ ಫೋನಿನಲ್ಲಿ ಕಳಿಸಿದ್ದ ಗುರುತು ಹಿಡಿದು, ಮೇಲೆ ಬಾಡಿಗೆಯವರ ಬಟ್ಟೆ ಒಣಗುತ್ತಿದ್ದ ಮನೆಯ ನೆಲಮಹಡಿಗೆ ಹೋದಳು. ಕಿಟಕಿಯ ಪಕ್ಕದ ಮಂಚದಲ್ಲಿ ಮೂರು ದಿಂಬಿಗೆ ಒರಗಿ ಪಾಪಯ್ಯ ಎನ್ನುವ ಆ ಮುದುಕ ಬಾಯಿ ತೆರೆದು ಉಸಿರನ್ನು ಎಳೆಯುತ್ತಿದ್ದ. ಮಗ ಶಿವರಾಜ್ ಕೈ ಕಟ್ಟಿಕೊಂಡು ನಿಂತಿದ್ದ. ಕಾಲ ಬಳಿ ಅರ್ಪಿತ, ತೊಡೆಯ ಮೇಲೆ ಫೈಲು. ಆಸ್ಪತ್ರೆಗೆ ಹಾಕದಿದ್ದರೆ ಜನ ಏನಂತಾರೆ ಮೇಡಂ ಎಂದು ಶಿವರಾಜ್ ಕೇಳುತ್ತಿದ್ದದ್ದು ಬಾಗಿಲಿಗೇ ಕೇಳಿಸಿತು.

ಅರ್ಪಿತ ಎದ್ದು ಬರಲಿಲ್ಲ. ಕೈ ಚಾಚಿ ಫ್ಯಾನ್ ತೆಗೆದುಕೊಂಡು, ಮುರಿದ ಕಿವಿಯನ್ನು ನೋಡಿ, ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿ, ಮುದುಕನ ಕೈಗೆ ಕೊಟ್ಟಳು. ಹೊರಗೆ ಬರುತ್ತೀಯಾ, ಎರಡು ನಿಮಿಷ ಎಂದಳು ತೇಜಸ್ವಿನಿ. ಅರ್ಪಿತ ಬೆರಳೆತ್ತಿ ಇರು ಎಂದಳು. ಇಲ್ಲಿ ಅವಳದು ಬೇರೆ ಮುಖ, ಇವಳಿಗೆ ಅದರಲ್ಲಿ ಜಾಗವಿರಲಿಲ್ಲ. ಗಾಳಿ ತಾಕಿದ ಕೂಡಲೇ ಪಾಪಯ್ಯನ ಬಾಯಿ ಸ್ವಲ್ಪ ಮುಚ್ಚಿತು. ಕೆನ್ನೆಯ ಬಿಳಿ ಕುರುಚಲು ಅಲ್ಲಾಡಿತು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆದು, ಇದು ಯಾರದಮ್ಮ ಎಂದು ಕೇಳಿದ. ತೇಜಸ್ವಿನಿಯೇ, ನಮ್ಮ ಮನೆಯವರು ಇಟ್ಟುಕೊಂಡಿದ್ದರು ಎಂದಳು. ಈಗ ಅವರಿಗೆ ಬೇಡವಾ ಎಂದ. ಬೇಡ, ಹೋದರು ಎಂದಳು. ಶಿವರಾಜ್ ಗಾಬರಿಯಿಂದ ಅರ್ಪಿತಳನ್ನು ನೋಡಿದ. ಮುದುಕ ಫ್ಯಾನನ್ನು ಕೆಳಗಿಡಲಿಲ್ಲ.

"ಮನೇಲೇ ಹೋದ್ರಾ?" ಎಂದ, ಎರಡು ಉಸಿರಿನಲ್ಲಿ.

ಅರ್ಪಿತಳ ಪೆನ್ನು ನಿಂತಿತು. ತೇಜಸ್ವಿನಿ ಆಟೋದಲ್ಲಿ ಜೋಡಿಸಿಕೊಂಡದ್ದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಮುದುಕ ಅವಳ ಮುಖವನ್ನೇ ನೋಡುತ್ತಿದ್ದ, ಮಗನೂ ನೋಡುತ್ತಿದ್ದ.

"ಮನೇಲೇ," ಎಂದಳು.

"ಪಕ್ಕದಲ್ಲಿ ಯಾರಿದ್ರು?"

"ನಾನಿದ್ದೆ. ಅವ್ರಮ್ಮ ಇದ್ರು." ಇಷ್ಟಕ್ಕೇ ನಿಲ್ಲಿಸಬಹುದಿತ್ತು. "ಕಿಟಕಿ ತೆಗೆದಿದ್ವಿ. ಅರ್ಪಿತ ಅವ್ರಿಗೆ ಫೋನ್ ಮಾಡಿದ್ವಿ, ಬಂದ್ರು. ಏನೂ ತೊಂದ್ರೆ ಆಗ್ಲಿಲ್ಲ."

ಪಾಪಯ್ಯ ಮಗನ ಕಡೆ ಕತ್ತು ತಿರುಗಿಸಿದ. ಶಿವರಾಜ್ ಕಟ್ಟಿದ್ದ ಕೈಯನ್ನು ಬಿಟ್ಟ. ಅವನ ಕಣ್ಣಲ್ಲಿ ನೀರು ಬಂದಿತ್ತು. ಪುಣ್ಯ ಮಾಡಿದ್ರಿ ಅಕ್ಕ, ಎಲ್ಲರಿಗೂ ಇಷ್ಟು ಧೈರ್ಯ ಇರಲ್ಲ ಎಂದ. ತೇಜಸ್ವಿನಿ ಹೂಂ ಎಂದಳು. ಎಂದಮೇಲೆ ಅರ್ಪಿತಳನ್ನು ನೋಡಿದಳು, ಈಗಲಾದರೂ ಏನಾದರೂ ಅನ್ನುತ್ತಾಳೆಂದು. ಅರ್ಪಿತ ಮುದುಕನ ಮಣಿಕಟ್ಟನ್ನು ಹಿಡಿದು ಫ್ಯಾನನ್ನು ಒಂದಿಷ್ಟು ಓರೆ ಮಾಡುತ್ತಿದ್ದಳು.

"ಮೂಗಿಗೆ ಬೇಡ ತಾತ, ಕೆನ್ನೆಗೆ. ಹಾಂ, ಹಂಗೆ," ಎಂದಳು. ಆಮೇಲೆ ತಲೆಯೆತ್ತದೆ, "ತಂದ್ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಮೇಡಂ. ನೀವಿನ್ನು ಹೊರಡಿ."